ಬೇಳೆ ಬೇಯುವ ಬಾವಿ

ನಮ್ಮೂರಿನಲ್ಲಿ ಬೆಲೆ ಇರುವ ಮಾತಿಗೆ ಬೆಲೆ ಇಲ್ಲ. ಇದು ತತ್ವವಲ್ಲ, ಹವಾಮಾನ. ಬೆಲೆ ಅಚ್ಚಾಗಿರುವ ಯಾವ ಪುಸ್ತಕವೇ ಆಗಲಿ, ಊರ ಬಾಗಿಲಿನ ಕಮಾನು ದಾಟುತ್ತಿದ್ದ ಹಾಗೆ ಅದರ ಅಕ್ಷರಗಳೆಲ್ಲ ಇಳಿದುಹೋಗುತ್ತವೆ. ಕಾಗದ ಉಳಿಯುತ್ತದೆ, ಹೊಲಿಗೆ ಉಳಿಯುತ್ತದೆ, ಹಿಂಬದಿಯ ಬೆಲೆಯೂ ಉಳಿಯುತ್ತದೆ. ಓದುವುದಕ್ಕೆ ಮಾತ್ರ ಏನೂ ಉಳಿಯುವುದಿಲ್ಲ. ನೋಟಿನ ಮೇಲೂ ಬೆಲೆ ಅಚ್ಚಾಗಿದೆಯಲ್ಲ, ಅದು ಹೇಗೆ ಉಳಿಯಿತು ಎಂದು ನೀವು ಕೇಳಬಹುದು. ನಾವೂ ಕೇಳಿದ್ದೆವು. ಉತ್ತರ ಬರಲಿಲ್ಲ, ನೋಟು ಬರುತ್ತಿದೆ, ಸುಮ್ಮನಿದ್ದೇವೆ.

ಇದಕ್ಕೆ ನಾವು ಹೊಂದಿಕೊಂಡ ಬಗೆ ನೋಡಬೇಕು. ಪೇಟೆಯಿಂದ ಬರುವ ಬಸ್ಸು ಕಮಾನಿನ ಹೊರಗೆ ಹೊಂಗೆಮರದ ಕೆಳಗೆ ನಿಲ್ಲುತ್ತದೆ. ಪತ್ತೇದಾರಿ ಕಾದಂಬರಿ ಹಿಡಿದವರಿಗೆ ಕೊಲೆಗಾರ ಯಾರೆಂದು ತಿಳಿಯುವವರೆಗೆ ಡ್ರೈವರ್ ಬೀಡಿ ಸೇದುತ್ತಾನೆ. ದಿನಪತ್ರಿಕೆಯನ್ನು ಕಮಾನಿನ ಆಚೆ ಒಬ್ಬರು ಓದುತ್ತಾರೆ, ಈಚೆ ಹತ್ತು ಜನ ಕೇಳುತ್ತಾರೆ, ಊರೊಳಗೆ ಬರುವಷ್ಟರಲ್ಲಿ ಸುದ್ದಿಗೆ ಒಗ್ಗರಣೆ ಬಿದ್ದಿರುತ್ತದೆ. ನಮ್ಮ ಪುಸ್ತಕದಂಗಡಿಯಲ್ಲಿ ದೊಡ್ಡ ಕಾದಂಬರಿಗಳು ಲೆಕ್ಕ ಬಿಡಿಸುವ ಮಕ್ಕಳಿಗೆ ಚೆನ್ನಾಗಿ ಖರ್ಚಾಗುತ್ತವೆ. ಕವನ ಸಂಕಲನಗಳು ಹಾಲಿನ ಲೆಕ್ಕಕ್ಕೆ ಸಾಕು. ಕಾಲೇಜಿನ ಮೇಷ್ಟ್ರುಗಳೆಲ್ಲ ಗ್ರಂಥಕರ್ತರೇ. ಒಬ್ಬರದ್ದನ್ನು ಇನ್ನೊಬ್ಬರು ಓದಿಬಿಡುವ ಅಪಾಯವಿಲ್ಲದ್ದರಿಂದ ಊರಿನಲ್ಲಿ ವಿದ್ವತ್ತು ಬಹಳ ಶಾಂತಿಯಿಂದ ಬೆಳೆದಿದೆ.

ಹಾಗಾದರೆ ನಾವು ಓದುವುದು ಏನನ್ನು? ಬೆಲೆ ಇಲ್ಲದ್ದನ್ನು. ಲಗ್ನಪತ್ರಿಕೆ, ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಕಣ್ಣಿನ ಶಿಬಿರದ ಟೈಪು ಮಾಡಿದ ಟಿಪ್ಪಣಿ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ, ಯಾರೋ ಯಾವಾಗಲೋ ಪರೀಕ್ಷೆಗೆಂದು ಬರೆದು ಮರೆತ ಪ್ರಬಂಧ. ಇವುಗಳ ಒಂದು ಅಕ್ಷರವೂ ಅಲುಗುವುದಿಲ್ಲ. ಆದ್ದರಿಂದ ನಮ್ಮ ಜನಕ್ಕೆ ಒಂದು ಅಭ್ಯಾಸ. ಯಾವ ಕಾಗದ ಕೈಗೆ ಬಂದರೂ ಮೊದಲು ಮುಖ ನೋಡುವುದಿಲ್ಲ, ಬೆನ್ನು ನೋಡುತ್ತಾರೆ. ಬೆನ್ನಿನ ಮೇಲೆ ಬೆಲೆ ಇಲ್ಲವೋ, ಒಳಗಿರುವುದೆಲ್ಲ ನಿಜ. ಅಕ್ಷರ ಓಡಿಹೋಗಿಲ್ಲ ಎಂದಮೇಲೆ ಅದಕ್ಕೆ ಓಡಿಹೋಗುವಂಥ ತಪ್ಪೇನೂ ಇಲ್ಲ ಎಂಬುದು ನಮ್ಮ ತರ್ಕ. ಈ ತರ್ಕದ ಬುಡಕ್ಕೆ ಕೈ ಹಾಕಿದವಳು ನನ್ನ ಹೆಂಡತಿ ನೀಲಾಂಬಿಕೆ.

ನನ್ನ ಹೆಸರು ಕೊಟ್ರೇಶ, ಅಡುಗೆ ನನ್ನ ಕಸುಬು. ನನ್ನಪ್ಪ ಮುರಿಗೆಪ್ಪ ಅಡುಗೆಯವರ ಸಂಘದ ಹಿರಿಯ. ಊರಲ್ಲಿ ಎಲ್ಲಿ ಮದುವೆಯಾದರೂ ಸಾರಿನ ಹಂಡೆಯ ಮುಂದೆ ಅವನೇ. ನಾವು ಇರುವುದು ಗಂಟೆ ಓಣಿಯಲ್ಲಿ. ಓಣಿಯ ನಡುವೆ ಗಂಟೆ ಬಾವಿ. ಅದರ ನೀರು ಎಂಥದ್ದು ಅಂದರೆ, ತೊಗರಿಬೇಳೆ ಹಾಕಿ ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ಬೇಳೆ ಬೆಣ್ಣೆಯಾಗಿರುತ್ತದೆ. ಕೋಟೆ ಬಾವಿಯ ನೀರಿನಲ್ಲಾದರೆ ಅದೇ ಬೇಳೆ ಹಠ ಹಿಡಿದ ಅಳಿಯನ ಹಾಗೆ ಕೂತಿರುತ್ತದೆ. ಅಪ್ಪ ಇದರ ಮೇಲೆ ಸಂಘದ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ‘ಗಂಟೆ ಬಾವಿಯ ಮಹಿಮೆ’ ಎಂಬ ಲೇಖನ ಬರೆದಿದ್ದ. ಊರಿನ ಯಾವ ಬಾವಿಯ ನೀರಿನಲ್ಲಿ ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆ ಎಂದೆಲ್ಲ ವಿವರವಾಗಿ ಕೊಟ್ಟು, ಕೊನೆಯಲ್ಲಿ ಗಂಟೆ ಬಾವಿಯ ನೀರು ಕುಡಿದವನಿಗೆ ವೈದ್ಯರ ಮನೆ ದಾರಿಯೇ ಮರೆತುಹೋಗುತ್ತದೆ ಎಂದು ಮುಗಿಸಿದ್ದ. ಅಪ್ಪ ತನ್ನ ಜೀವಮಾನದಲ್ಲಿ ಬರೆದದ್ದು ಅದೊಂದೇ. ಅದಕ್ಕೆ ಕಟ್ಟು ಹಾಕಿಸಿ ದೇವರ ಫೋಟೋ ಪಕ್ಕ ತೂಗುಹಾಕಿದ್ದ. ದೇವರಿಗಿಂತ ಒಂದು ಗೇಣು ಕೆಳಗೆ, ಅಷ್ಟು ವಿನಯ ಇತ್ತು.

ಗಂಟೆ ಓಣಿಯವರದ್ದು ಇನ್ನೊಂದು ವಿಶೇಷ. ನಾವು ಬಾಯಿಬಿಟ್ಟು ನಗುವುದಿಲ್ಲ. ನಮ್ಮ ಹಲ್ಲುಗಳು ಕಂದು ಗೆರೆ ಬಿದ್ದು, ತೊಟ್ಟಿಲಲ್ಲೇ ಹೊಗೆಸೊಪ್ಪು ಹಾಕಿದವರ ಹಾಗೆ ಕಾಣುತ್ತವೆ. ಎಲೆ ಅಡಿಕೆ ಮುಟ್ಟದವರಿಗೂ ಹಾಗೇ. ಊರವರು ಅದನ್ನು ಓಣಿಯ ಬಣ್ಣ ಎನ್ನುತ್ತಾರೆ, ಇಂಥ ಮನೆತನಕ್ಕೆ ಇಂಥ ಮೂಗು ಅನ್ನುವ ಹಾಗೆ. ಅಪ್ಪನಂತೂ ನಾಲ್ಕು ಜನರೆದುರು ಮಾತಾಡುವಾಗ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಹಿಡಿದೇ ಮಾತಾಡುತ್ತಿದ್ದ. ಜನ ಅದನ್ನು ಮಡಿ ಎಂದುಕೊಂಡು ಗೌರವ ಕೊಡುತ್ತಿದ್ದರು. ನೀಲಾಂಬಿಕೆ ಕೋಟೆ ಕಡೆಯವಳು, ಅವಳ ಹಲ್ಲು ಮಲ್ಲಿಗೆ ಮೊಗ್ಗು. ಮದುವೆಯಾದ ಹೊಸತರಲ್ಲಿ ನನ್ನನ್ನು ಬಹಳ ಗಂಭೀರ ಮನುಷ್ಯ ಎಂದು ನಂಬಿದ್ದಳಂತೆ. ನಿಜ ಗೊತ್ತಾಗುವಷ್ಟರಲ್ಲಿ ಮಗಳು ಇಂಚರ ಹುಟ್ಟಿದ್ದಳು.

ನೀಲಾಂಬಿಕೆ ಊರಿನ ಬಾವಿಗಳ ಮೇಲೆ ಪಿಎಚ್.ಡಿ. ಮಾಡಲು ಹೊರಟಳು. ಅವಳ ಗೈಡು ಅಶ್ವತ್ಥಯ್ಯನವರು ಕಮಾನಿನ ಆಚೆ, ವಿಶ್ವವಿದ್ಯಾನಿಲಯದಲ್ಲಿ ಇರುವವರು. ನಮ್ಮ ಬಾವಿಗಳ ಬಗ್ಗೆ ಬೆಲೆ ಇರುವ ಪುಸ್ತಕ ಒಂದೂ ಇಲ್ಲ ಎಂದು ತಿಳಿದಾಗ ಅವರು ಗಾಬರಿಯಾಗಲಿಲ್ಲ, ಖುಷಿಯಾದರು. ಪ್ರಕಾಶಕರ ಕೈಗೆ ಸಿಗದೆ, ಅಂಗಡಿಗೆ ಬಾರದೆ ಅಲ್ಲಲ್ಲಿ ಬಿದ್ದಿರುವ ಇಂಥ ವರದಿ, ಪ್ರಬಂಧ, ಸಂಚಿಕೆಗಳಿಗೆ ಬೂದು ಸಾಹಿತ್ಯ ಎನ್ನುತ್ತಾರೆ, ಹುಡುಕಿದರೆ ಸಿಗುತ್ತದೆ, ಸಿಕ್ಕಿದ್ದನ್ನೆಲ್ಲ ನಂಬಬೇಡಿ ಎಂದು ಕಳಿಸಿದರು. ಒಲೆ ಮುಂದೆ ಬೆಳೆದ ನನಗೆ ಬೂದಿ ಗೊತ್ತಿತ್ತು, ಬೂದು ಹೊಸದು.

ಅವತ್ತಿನಿಂದ ನಮ್ಮ ಮನೆಯಲ್ಲಿ ಹಬ್ಬ. ಬೆಳಿಗ್ಗೆ ಎದ್ದವಳೇ ಚೀಲ ಹಿಡಿದು ಹೊರಡುತ್ತಿದ್ದಳು. ಕಡಲೆಕಾಯಿ ಪೊಟ್ಟಣ ಬಿಚ್ಚಿದರೆ ಪುರಸಭೆಯ ಹಳೆಯ ನಡಾವಳಿ. ಕಡಲೆಕಾಯಿ ನನಗೆ, ನಡಾವಳಿ ಅವಳಿಗೆ. ಯಾರದೋ ಬೀರುವಿನ ತಳಕ್ಕೆ ಹಾಸಿದ್ದು ಮಲೇರಿಯಾ ಸಮೀಕ್ಷೆ. ಸೀರೆ ಎತ್ತಿಸಿ ಅದನ್ನು ಎಳೆದುಕೊಂಡು ಬಂದಳು. ಸಂಜೆ ಅಂಗಳದಲ್ಲಿ ಎಲ್ಲ ಹರಡಿಕೊಂಡು ಅವಳು ಕುಣಿದಾಡುವುದನ್ನು ನೋಡಿದರೆ ನನಗೂ ಕಾಲು ನಿಲ್ಲುತ್ತಿರಲಿಲ್ಲ. ಮದುವೆ ಮನೆಗಳಿಂದ ಬರುವಾಗ ನಾನೂ ಉಳಿದ ಲಾಡಿನ ಜೊತೆ ಉಳಿದ ಕಾಗದ ಕಟ್ಟಿಕೊಂಡು ಬರತೊಡಗಿದೆ.

ಆದರೆ ಅವಳು ಬೆನ್ನು ನೋಡುತ್ತಿರಲಿಲ್ಲ. ಪ್ರತಿ ಕಾಗದವನ್ನೂ ಎದುರು ಕೂರಿಸಿಕೊಂಡು ವಿಚಾರಣೆ ಮಾಡುತ್ತಿದ್ದಳು. ನಿನ್ನನ್ನು ಯಾರು ಬರೆದರು, ಯಾವಾಗ ಬರೆದರು, ಯಾರಿಗೆ ಬೇಕಾಗಿ ಬರೆದರು, ಬರೆದವರು ಕಣ್ಣಾರೆ ನೋಡಿದ್ದೆಷ್ಟು, ಕೇಳಿದ್ದೆಷ್ಟು, ತಮಗೆ ಏನು ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದಾರೆ. ಕೊನೆಯ ಪ್ರಶ್ನೆ ಅವಳಿಗೆ ಬಹಳ ಮುಖ್ಯ. ಈ ವಿಚಾರಣೆ ಕಾಗದಕ್ಕೆ ಮಾತ್ರ ನಿಂತಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ದಿನ ತಡವಾಗಿ ಬಂದು, ಬೀಗರ ಮನೆಯಲ್ಲಿ ಬಿಡಲಿಲ್ಲ ಎಂದೆ. ಇದರ ಮೂಲ ಯಾವುದು, ಬೇರೆ ಆಧಾರ ಉಂಟಾ, ಈ ಹೇಳಿಕೆಯಿಂದ ಯಾರಿಗೆ ಲಾಭ ಎಂದು ಕೇಳಿದಳು. ಆಮೇಲೆ ನಾನು ಹೊತ್ತಿಗೆ ಸರಿಯಾಗಿ ಬರತೊಡಗಿದೆ. ಸುಳ್ಳಿಗಿಂತ ನಡಿಗೆ ಸುಲಭ.

ಹೀಗಿರುವಾಗ ಪುರಸಭೆಯ ಅಧ್ಯಕ್ಷ ಜಯದೇವಪ್ಪನವರಿಂದ ಕರಪತ್ರ ಬಂತು. ಗಂಟೆ ಬಾವಿಗೆ ಪಂಪು ಕೂರಿಸಿ, ನೀರನ್ನು ಮೇಲಿನ ತೊಟ್ಟಿಗೆ ಏರಿಸಿ, ಊರಿನ ಪ್ರತಿ ನಲ್ಲಿಗೂ ಬಿಡಲಾಗುವುದು, ಸೋಮವಾರ ಸಭೆ, ಎಲ್ಲರೂ ಬಂದು ಕೈ ಎತ್ತಬೇಕು. ಜೊತೆಗೆ ನೀಲಿ ರಟ್ಟಿನ, ಹೊಳಪು ಕಾಗದದ ತಜ್ಞರ ವರದಿ ಮನೆಮನೆಗೆ ಉಚಿತ. ಜನ ತಿರುಗಿಸಿ ಬೆನ್ನು ನೋಡಿದರು, ಬೆಲೆ ಇರಲಿಲ್ಲ, ತಲೆಯಾಡಿಸಿದರು. ವರದಿಯಲ್ಲಿ ನೀರು ಅಮೃತಕ್ಕೆ ಸಮಾನ ಎಂದಿತ್ತು. ಅಮೃತವನ್ನು ಎಲ್ಲಿ ಪರೀಕ್ಷೆ ಮಾಡಿ ಹೋಲಿಸಿದರು ಎಂದು ಇರಲಿಲ್ಲ. ಮತ್ತು, ಅಪ್ಪನ ಕಣ್ಣಲ್ಲಿ ನೀರು ಬರುವ ಹಾಗೆ, ಅವನ ಲೇಖನದಿಂದ ಇಡೀ ಒಂದು ಪುಟ ಎತ್ತಿ ಹಾಕಿದ್ದರು, ‘ಪಾಕತಜ್ಞ ಶ್ರೀ ಮುರಿಗೆಪ್ಪನವರ ಅಧ್ಯಯನ’ ಎಂಬ ತಲೆಬರಹದ ಕೆಳಗೆ.

ಅಪ್ಪ ಅವತ್ತು ನಡೆದದ್ದೇ ಬೇರೆ ಥರ. ನೀಲಾಂಬಿಕೆ ಮಾತ್ರ ವರದಿಯನ್ನು ಒಂದು ಸಲ ಓದಿ, ಎರಡನೇ ಸಲ ಓದಿ, ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಬಾಯಿ ತೆರೆಸಿ ನೋಡಿದಳು. ಇಂಚರಳ ಹಾಲುಹಲ್ಲು ಅಕ್ಕಿಕಾಳಿನ ಹಾಗೆ ಬೆಳ್ಳಗಿದ್ದವು. ನಿಮ್ಮ ಹಲ್ಲು ಯಾವಾಗ ಹೀಗಾಯಿತು ಎಂದು ನನ್ನನ್ನು ಕೇಳಿದಳು. ಹಾಲುಹಲ್ಲು ಬಿದ್ದು ಹೊಸದು ಬಂದಾಗ, ಬರುವಾಗಲೇ ಹೀಗೇ ಬಂದವು ಎಂದೆ. ಓಣಿಯಲ್ಲಿ ಎಲ್ಲರಿಗೂ ಹಾಗೇನಾ ಎಂದಳು. ಎಲ್ಲರಿಗೂ ಎಂದೆ. ಓಣಿಯ ಬಣ್ಣ ಓಣಿ ಬಿಟ್ಟು ಊರಿಗೆಲ್ಲ ನಲ್ಲಿಯಲ್ಲಿ ಹೋದರೆ ಏನಾಗುತ್ತದೆ ಎಂದು ಅವಳು ಕೇಳಲಿಲ್ಲ. ಅವಳ ಮುಖವೇ ಕೇಳಿತು.

ಅನುಮಾನ ಸಾಕಾಗುವುದಿಲ್ಲ, ಆಧಾರ ಬೇಕು. ಹಳೆಯ ಆರೋಗ್ಯ ಶಿಬಿರದ ಟಿಪ್ಪಣಿಯೊಂದರ ಕೊನೆಯಲ್ಲಿ ಅವಳಿಗೆ ಒಂದು ಎಳೆ ಸಿಕ್ಕಿತು. ರೆಹಮತ್ ಬಾನು ಎಂಬ ಎಂ.ಎಸ್ಸಿ. ವಿದ್ಯಾರ್ಥಿನಿ ಬಹಳ ಹಿಂದೆ ಈ ಊರಿನ ಬಾವಿಗಳ ನೀರು ಪರೀಕ್ಷಿಸಿ ಪ್ರಬಂಧ ಬರೆದಿದ್ದಾಳೆ ಎಂದು. ನೀಲಾಂಬಿಕೆ ಕಮಾನು ದಾಟಿ ವಿಶ್ವವಿದ್ಯಾನಿಲಯಕ್ಕೆ ಓಡಿದಳು. ಅಲ್ಲಿ ಜಾಗ ಸಾಲದೆ ಹಳೆಯ ಪ್ರಬಂಧಗಳನ್ನೆಲ್ಲ ರದ್ದಿಗೆ ಹಾಕಿದ್ದರಂತೆ. ರದ್ದಿಯವನು ನಮ್ಮೂರವನೇ. ಅವನು ಗಟ್ಟಿ ಕಾಗದ ಇದ್ದದ್ದನ್ನು ಟೈಲರ್ ದಾಕ್ಷಾಯಿಣಿಗೆ ಕೊಟ್ಟೆ ಎಂದ. ನಾವಿಬ್ಬರೂ ಸೈಕಲ್ ಮೇಲೆ ದಾಕ್ಷಾಯಿಣಿಯ ಅಂಗಡಿಗೆ ಹಾರಿದೆವು. ಅಲ್ಲಿ ನೋಡಿದರೆ ವಿಜ್ಞಾನ ಮೊಳೆಗೆ ನೇತಾಡುತ್ತಿತ್ತು. ಪ್ರಬಂಧದ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಕುಪ್ಪಸದ ಅಳತೆಗೆ ಕತ್ತರಿಸಿ, ತೋಳು, ಬೆನ್ನು, ಎದೆ ಎಂದು ಬೇರೆ ಬೇರೆ ತೂಗುಹಾಕಿದ್ದಳು. ಮೊದಲನೇ ಅಧ್ಯಾಯ ಎಡತೋಳು. ಪರೀಕ್ಷೆಯ ವಿಧಾನ ಬಲತೋಳು. ಬೆನ್ನಿನ ತುಂಬ ಕೋಷ್ಟಕ.

ದಾಕ್ಷಾಯಿಣಿ ಸುಲಭಕ್ಕೆ ಬಿಡುವವಳಲ್ಲ. “ಒಯ್ಯಿ ಕಣವ್ವ, ಬೇಡ ಅನ್ನಲ್ಲ. ಆದ್ರೆ ಇದು ಗೌಡರ ಸೊಸೆ ಅಳತೆ. ಸೋಮವಾರ ವಾಪಸ್ ಬರದಿದ್ರೆ ಅವರ ಕುಪ್ಪಸ ನಿನ್ನ ಅಳತೆಗೆ ಹೊಲೀತೀನಿ, ಆಮೇಲೆ ಜಗಳ ನೀವಿಬ್ಬರೇ ನೋಡ್ಕಳಿ,” ಅಂದಳು.

ಮನೆಯ ಪಡಸಾಲೆಯಲ್ಲಿ ಕಾಗದದ ಕುಪ್ಪಸ ಹರಡಿ ನೀಲಾಂಬಿಕೆ ಮೊಣಕಾಲೂರಿ ಓದತೊಡಗಿದಳು. ಬಲತೋಳಿನ ಹತ್ತಿರ ಬಂದವಳು ಒಮ್ಮೆಲೇ ನನ್ನ ಕೈ ಹಿಡಿದುಕೊಂಡಳು. ಅಲ್ಲಿ ರೆಹಮತ್ ಬಾನು ಬರೆದಿದ್ದಳು: ಮಸೀದಿ ಬಾವಿಯ ತಳದ ನೀರು ತೆಗೆಯಲು ಹಗ್ಗ ಸಾಲಲಿಲ್ಲ, ಆದ್ದರಿಂದ ಆ ಬಾವಿಯ ಬಗ್ಗೆ ನಾನು ಏನನ್ನೂ ಹೇಳಲಾರೆ. “ನೋಡ್ರಿ,” ಅಂದಳು ನೀಲಾಂಬಿಕೆ, “ಹಗ್ಗ ಸಾಲಲಿಲ್ಲ ಅಂತ ಬರೆಯೋ ಮನುಷ್ಯರನ್ನ ನಾನು ನಂಬ್ತೀನಿ.” ನೀಲಿ ವರದಿಯವರ ಹಗ್ಗ ಎಲ್ಲ ಬಾವಿಗೂ ಸಾಕಾಗಿತ್ತು, ಮುಟ್ಟದ ಬಾವಿಗೂ.

ಬೆನ್ನಿನ ಭಾಗದಲ್ಲಿ ವಿಷಯ ಇತ್ತು. ಸುಣ್ಣದ ಅಂಶ ಕಡಿಮೆ ಇರುವ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ. ಈ ಊರಿನ ನೆಲದಲ್ಲಿ ಅಂಥ ನೀರಿನಲ್ಲೇ ಫ್ಲೋರೈಡು ಎಂಬ ಲವಣ ಹೆಚ್ಚು ಕರಗಿರುತ್ತದೆ. ಅದನ್ನು ಚಿಕ್ಕಂದಿನಿಂದ ಕುಡಿದವರ ಹಲ್ಲು ಕಂದಾಗುತ್ತದೆ, ವಯಸ್ಸಾದಂತೆ ಬೆನ್ನು, ಕುತ್ತಿಗೆ ಮರಗಟ್ಟುತ್ತದೆ. ಮುಂದಿನ ಸಾಲು, ‘ಗಂಟೆ ಬಾವಿಯ ನೀರಿನಲ್ಲಿ ಕಂಡುಬಂದ ಪ್ರಮಾಣ’ ಎಂದು ಶುರುವಾಗಿ ನಿಂತಿತ್ತು. ಅಲ್ಲಿಂದ ಮುಂದೆ ಕಾಗದವೇ ಇರಲಿಲ್ಲ. ದಾಕ್ಷಾಯಿಣಿ ಅಲ್ಲಿ ಕೊರಳಿಗೆ ಕತ್ತರಿ ಹಾಕಿದ್ದಳು, ಗೌಡರ ಸೊಸೆಗೆ ಕೊರಳು ಅಗಲ ಇರಬೇಕಂತೆ.

ನಾನು ತಲೆ ಮೇಲೆ ಕೈಹೊತ್ತು ಕೂತೆ. ನೀಲಾಂಬಿಕೆ ಕೂರಲಿಲ್ಲ. ಆ ಖಾಲಿ ಕೊರಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಧಾನಕ್ಕೆ ತಲೆಯೆತ್ತಿ ಗೋಡೆ ನೋಡಿದಳು. ದೇವರಿಗಿಂತ ಒಂದು ಗೇಣು ಕೆಳಗೆ. ಎದ್ದು ಹೋಗಿ ಅಪ್ಪನ ಲೇಖನದ ಕಟ್ಟನ್ನು ಇಳಿಸಿದಳು. ಪ್ರಮಾಣ ಕೊರಳಲ್ಲಿ ಹೋಗಿತ್ತು, ಆದರೆ ಬೇಳೆ ಬೇಯುವ ಹೊತ್ತು ಇಲ್ಲಿತ್ತು, ಬಾವಿ ಬಾವಿಗೂ. ರೆಹಮತ್ ಬಾನು ಹೇಳಿದ ಮಾತನ್ನು ಅಪ್ಪನ ವಿವರದ ಪಕ್ಕ ಇಟ್ಟರೆ, ಊರಲ್ಲಿ ಎಲ್ಲಕ್ಕಿಂತ ಅನುಮಾನದ ಬಾವಿ ಯಾವುದು ಎಂದು ನನ್ನಂಥವನಿಗೂ ತಿಳಿಯಿತು. ಅಪ್ಪ ಹೊಗಳಿದ ಗುಣವೇ ದೂರು ಹೇಳುತ್ತಿತ್ತು. ಮಾವ ಹೊತ್ತಿನ ವಿಷಯಕ್ಕೆ ಸಾಕ್ಷಿ, ಆರೋಗ್ಯದ ವಿಷಯಕ್ಕೆ ಬರೀ ಅಭಿಮಾನಿ, ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡಬೇಕು ಎಂದು ನೀಲಾಂಬಿಕೆ ನನಗೆ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಪೂರ್ತಿ ಸಂಚಿಕೆಯನ್ನು ಪೆಟ್ಟಿಗೆಯಿಂದ ತೆಗೆದು ತಿರುವುತ್ತಿದ್ದವಳು ನಡುವಿನ ಪುಟದಲ್ಲಿ ನಿಂತಳು. ಅಡುಗೆಯವರ ಸಂಘದ ಗುಂಪು ಫೋಟೋ. ನಾನು ಅದನ್ನು ನೂರು ಸಲ ನೋಡಿದ್ದೆ. ಅವಳು ತೋರಿಸಿದ ಮೇಲೆ ಮೊದಲ ಸಲ ನೋಡಿದೆ. ಫೋಟೋದಲ್ಲಿ ಕೋಟೆ ಕಡೆಯ ಅಡುಗೆಯವರು ಹಲ್ಲು ಕಿರಿದು ನಗುತ್ತಿದ್ದರು. ಗಂಟೆ ಓಣಿಯವರು ಒಬ್ಬರೂ ಬಾಯಿ ತೆರೆದಿರಲಿಲ್ಲ. ಯಾರದೋ ಸಾವಿಗೆ ಬಂದವರ ಹಾಗೆ ತುಟಿ ಬಿಗಿದು ನಿಂತಿದ್ದರು. ನಡುವೆ ಅಪ್ಪ, ಬಾಯಿಗೆ ಟವೆಲು.

ಅದೇ ಹೊತ್ತಿಗೆ ಅಪ್ಪ ಒಳಗೆ ಬಂದ. ಗೋಡೆಯ ಮೇಲೆ ಖಾಲಿ ಮೊಳೆ, ನೆಲದ ಮೇಲೆ ಹೆಂಗಸರ ಕುಪ್ಪಸ, ಅದರ ಕೊರಳಿನಲ್ಲಿ ತನ್ನ ಲೇಖನ. ಯಾವ ಮಾವನಿಗೂ ಇದು ಒಳ್ಳೆಯ ದೃಶ್ಯವಲ್ಲ. ನೀಲಾಂಬಿಕೆ ಮೆತ್ತಗೆ, ಒಂದೊಂದಾಗಿ ಎಲ್ಲ ಹೇಳಿದಳು. ಅಪ್ಪ ನಿಂತೇ ಕೇಳಿದ. ಅವನಿಗೆ ಕುತ್ತಿಗೆ ತಿರುಗಿಸಲು ಬಾರದು, ಇಡೀ ಮೈ ತಿರುಗಿಸಿ ನೋಡಬೇಕು. ಹಂಡೆ ಎತ್ತಿ ಎತ್ತಿ ಹೀಗಾಯಿತು ಎಂದು ನಾವೆಲ್ಲ ತಿಳಿದಿದ್ದೆವು. ಹಾಗೆ ಇಡೀ ಮೈ ತಿರುಗಿಸಿ ನನ್ನನ್ನು ನೋಡಿ, “ನನ್ನ ಬ್ಯಾಳಿ ಮ್ಯಾಲೆ ನಿನ್ನ ಹೆಂಡ್ತಿ ಕೇಸು ಹಾಕ್ಯಾಳೆ ಏನಲೇ?” ಎಂದ. ನಾನು ಉತ್ತರಿಸುವ ಮೊದಲೇ ಕಟ್ಟನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದ. ಸೋಮವಾರ ಸಭೆಯಲ್ಲಿ ಬಾವಿಯ ಪರವಾಗಿ ಮಾತಾಡಲು ಜಯದೇವಪ್ಪ ಕರೆದಿದ್ದಾರೆ, ಮಾತಾಡುತ್ತೇನೆ ಎಂದು ಬಾಗಿಲ ಆಚೆಯಿಂದಲೇ ತಿಳಿಸಿದ. ಅಲ್ಲಿಂದ ಸಭೆಯವರೆಗೆ ಅಪ್ಪ ಸೊಸೆಯ ಜೊತೆ ನನ್ನ ಮೂಲಕ, ಸೊಸೆ ಅಪ್ಪನ ಜೊತೆ ನನ್ನ ಮೂಲಕ ಮಾತಾಡಿದರು. ಉಪ್ಪು ಕಡಿಮೆ ಎಂಬ ಮಾತು ಕೂಡ ನನ್ನ ಕೈ ದಾಟಿ ಹೋಗುತ್ತಿತ್ತು.

ಸೋಮವಾರ ಪುರಸಭೆಯ ಅಂಗಳ ಕಿಕ್ಕಿರಿದಿತ್ತು. ಜಯದೇವಪ್ಪ ಕೆಟ್ಟವರೇನಲ್ಲ. ಬೇಸಿಗೆಗೆ ಮೊದಲು ನಲ್ಲಿಯಲ್ಲಿ ನೀರು ತೋರಿಸಬೇಕೆಂಬ ಆಸೆ ಅವರಿಗೆ, ಪಂಪು ಮಾರಬೇಕೆಂಬ ಆಸೆ ಪಂಪಿನ ಕಂಪನಿಗೆ, ಎರಡು ಆಸೆ ಸೇರಿ ಒಂದು ವರದಿ ಹುಟ್ಟಿತ್ತು. ಅವರು ನೀಲಿ ರಟ್ಟನ್ನು ಎತ್ತಿ ಹಿಡಿದು, ಬೆನ್ನು ತಿರುಗಿಸಿ ಜನರಿಗೆ ತೋರಿಸಿದರು. ಬೆಲೆ ಇಲ್ಲ. ಜನ ಗುನುಗಿದರು. ಇನ್ನು ಯಾರಾದರೂ ಮಾತಾಡುವವರಿದ್ದರೆ ಎಂದು ಅವರು ಶಾಸ್ತ್ರಕ್ಕೆ ಕೇಳಿದಾಗ ನೀಲಾಂಬಿಕೆ ಕುಪ್ಪಸದ ತೋಳು ಹಿಡಿದು ಎದ್ದಳು.

ನಗೆ ಎಲ್ಲಿಂದ ಶುರುವಾಯಿತೋ ಗೊತ್ತಿಲ್ಲ. ಇಡೀ ಅಂಗಳ ನಕ್ಕಿತು, ನಮ್ಮ ಓಣಿಯವರು ತುಟಿ ಮುಚ್ಚಿಕೊಂಡು ನಕ್ಕರು. ಹಿಂದಿನಿಂದ ಯಾರೋ, ಅಧ್ಯಕ್ಷರ ಅಳತೆ ತಗೋತಾಳೆ ನೋಡ್ರಪ್ಪ ಎಂದರು. ನೀಲಾಂಬಿಕೆ ನಗೆ ಮುಗಿಯಲಿ ಎಂದು ಕಾಯಲಿಲ್ಲ. ಬಲತೋಳು ಓದಿದಳು. ಹಗ್ಗ ಸಾಲಲಿಲ್ಲ ಎಂಬ ಸಾಲು ಓದಿದಳು. ಬೆನ್ನು ಓದಿದಳು. ಕೊರಳಿಗೆ ಬಂದಾಗ ತಾನೇ ಮೊದಲು ಹೇಳಿದಳು, ಇಲ್ಲಿ ಪ್ರಮಾಣ ಇತ್ತು, ಕತ್ತರಿಯಲ್ಲಿ ಹೋಗಿದೆ, ಅದು ಎಷ್ಟು ಎಂದು ನನಗೆ ಗೊತ್ತಿಲ್ಲ. ದಾಕ್ಷಾಯಿಣಿ ಎದ್ದು ನಿಂತು ಕತ್ತರಿ ತನ್ನದೇ ಎಂದು ಸಾಕ್ಷಿ ಹೇಳಿದಳು.

ಆಮೇಲೆ ನೀಲಾಂಬಿಕೆ ನೀಲಿ ವರದಿಯನ್ನು ಕೈಗೆತ್ತಿಕೊಂಡು ಕೇಳಿದಳು. ಇದನ್ನು ಬರೆದವರ ಹೆಸರು ಎಲ್ಲಿದೆ, ನೀರು ತೆಗೆದದ್ದು ಯಾವ ತಿಂಗಳು, ಪರೀಕ್ಷೆ ಮಾಡಿದ್ದು ಎಲ್ಲಿ, ಇವರಿಗೆ ಗೊತ್ತಾಗದೆ ಉಳಿದದ್ದು ಒಂದಾದರೂ ಉಂಟಾ. ಜಯದೇವಪ್ಪ ಪುಟ ತಿರುವಿದರು. ಜನರೂ ತಮ್ಮ ತಮ್ಮ ಪ್ರತಿ ತಿರುವಿದರು. ಊರಿನ ಇತಿಹಾಸದಲ್ಲಿ ಅಷ್ಟು ಜನ ಒಟ್ಟಿಗೆ ಕಾಗದದ ಮುಖ ನೋಡಿದ್ದು ಅದೇ ಮೊದಲು. ಪಕ್ಕದಲ್ಲಿದ್ದವನೊಬ್ಬ, ಇದು ಕಾಸು ಕೊಟ್ಟು ಬರೆಸಿದ ವರದಿ, ಈಗ ನೋಡಿ ಅಕ್ಷರ ಇಳಿದುಹೋಗುತ್ತವೆ ಎಂದು ಆಸೆಯಿಂದ ಕಾದ. ಒಂದು ಅಕ್ಷರವೂ ಇಳಿಯಲಿಲ್ಲ. ಕಮಾನು ತನ್ನ ಪಾಡಿಗೆ ಬೆಲೆ ಮಾತ್ರ ನೋಡುತ್ತದೆ. ಸುಳ್ಳು ನಿಜ ನೋಡುವ ಕೆಲಸವನ್ನು ನಮಗೇ ಬಿಟ್ಟಿದೆ ಎಂದು ನಮಗೆ ಅವತ್ತೇ ಗೊತ್ತಾದದ್ದು.

ಜಯದೇವಪ್ಪ ಪುಟ ತಿರುವುತ್ತ ತಿರುವುತ್ತ ಕೊನೆಗೆ ಗಟ್ಟಿ ನೆಲ ಸಿಕ್ಕವರ ಹಾಗೆ ನಿಂತರು. ಹೆಸರಿದೆ, ಇಡೀ ವರದಿಯಲ್ಲಿ ಒಂದು ಹೆಸರಿದೆ, ನಿಮ್ಮ ಮಾವನದ್ದೇ, ಈ ನೀರು ಕುಡಿದವರಿಗೆ ಕಾಯಿಲೆ ಇಲ್ಲ ಎಂದು ಅವರೇ ಬರೆದಿದ್ದಾರೆ, ಅವರಿಗಿಂತ ದೊಡ್ಡ ಸಾಕ್ಷಿ ಬೇಕಾ ಎಂದರು. ನೀಲಾಂಬಿಕೆ ಸಂಚಿಕೆಯ ನಡುಪುಟ ತೆರೆದು, ಆ ಫೋಟೋವನ್ನು ಮೇಜಿನ ಮೇಲೆ ಇಟ್ಟು ಹಿಂದೆ ಸರಿದಳು.

ಅಪ್ಪ ಎದ್ದ. ಹೊಸ ಪಂಚೆ, ಇಸ್ತ್ರಿ ಮಾಡಿದ ಟವೆಲು. ಅದನ್ನು ಬಾಯಿಗೆ ಹಿಡಿದು ಮೇಜಿನ ಹತ್ತಿರ ಹೋದ. ಮಾತಾಡುವ ಮೊದಲು ಫೋಟೋ ನೋಡಿದ. ಬಗ್ಗಲು ಬಾರದ್ದರಿಂದ ಅದನ್ನು ಎರಡೂ ಕೈಯಲ್ಲಿ ಕಣ್ಣಿನ ಮಟ್ಟಕ್ಕೆ ಎತ್ತಿಕೊಂಡ. ಕೈ ಎರಡೂ ಫೋಟೋಕ್ಕೆ ಹೋದ್ದರಿಂದ ಟವೆಲು ಜಾರಿತು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ಆ ಸಾಲಿನಲ್ಲಿ ಅವನ ತಮ್ಮ ಇದ್ದ, ನಡು ಮರಗಟ್ಟಿ ಮೂರು ವರ್ಷ ಹಾಸಿಗೆಯಲ್ಲಿದ್ದು ಹೋದವನು. ಅಪ್ಪ ಫೋಟೋವನ್ನು ಮೇಜಿನ ಮೇಲೆ ಇಟ್ಟ, ಜನರ ಕಡೆಗೆ ಇಡೀ ಮೈ ತಿರುಗಿಸಿದ. ಟವೆಲನ್ನು ಮತ್ತೆ ಎತ್ತಿಕೊಳ್ಳುತ್ತಾನೆ ಎಂದುಕೊಂಡೆ. ಎತ್ತಿಕೊಳ್ಳಲಿಲ್ಲ. ಬಾಯಿ ತೆರೆದ. ಹಲ್ಲಿನ ವೈದ್ಯರೆದುರು ತೆರೆಯುವ ಹಾಗೆ, ಅಗಲಕ್ಕೆ. ಹಾಗೇ ನಿಧಾನವಾಗಿ ಮೈ ತಿರುಗಿಸುತ್ತ ಆ ಮೂಲೆಯಿಂದ ಈ ಮೂಲೆಯವರೆಗೆ ಎಲ್ಲರಿಗೂ ತೋರಿಸಿದ. ನಾನು ನನ್ನ ಅಪ್ಪನ ಹಲ್ಲನ್ನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು.

“ಬ್ಯಾಳಿ ಬೆಂದಿದ್ದು ಖರೆ,” ಎಂದ. “ಬರೆದಿದ್ದೂ ಖರೆ. ಇದೊಂದು ಬರೆದಿರಲಿಲ್ಲ.”

ಆಮೇಲೆ ಅಪ್ಪ ನಮ್ಮ ಓಣಿಯವರು ಕೂತಿದ್ದ ಕಡೆ ತಿರುಗಿ, ಪಂಕ್ತಿಯಲ್ಲಿ ಬಡಿಸುವವರಿಗೆ ಹೇಳುವ ಧ್ವನಿಯಲ್ಲಿ, “ಏಳ್ರೋ, ತೋರಿಸ್ರೋ,” ಎಂದ. ಮೊದಲು ಎದ್ದವನು ನಾನು. ಹೆಂಡತಿಯ ಸಂಶೋಧನೆಗೆ ನನ್ನ ಕೊಡುಗೆ ಏನು ಎಂದು ಯಾರಾದರೂ ಕೇಳಿದರೆ, ಒಂದು ಬಾಯಿ ಎಂದು ಹೇಳುತ್ತೇನೆ. ನನ್ನ ಹಿಂದೆ ಸೌಟು ಹಿಡಿಯುವ ರುದ್ರಣ್ಣ, ಅವನ ಹಿಂದೆ ಅವನ ಹೆಂಡತಿ, ಆಮೇಲೆ ಸಾಲು ಸಾಲು. ಇಡೀ ಓಣಿ ಬಾಯಿ ತೆರೆದು ನಿಂತಿತು. ಕೋಟೆ ಕಡೆಯವರು ನಮ್ಮನ್ನು ನೋಡಿ, ತಮ್ಮ ಮಕ್ಕಳ ಬಾಯಿ ನೋಡಿ, ಎತ್ತಲೆಂದು ಸಿದ್ಧವಾಗಿಟ್ಟುಕೊಂಡಿದ್ದ ಕೈಗಳನ್ನು ಸದ್ದಿಲ್ಲದೆ ತೊಡೆಯ ಮೇಲೆ ಇಟ್ಟುಕೊಂಡರು.

ಓಣಿಗೆ ಪಂಪು ಬರಲಿಲ್ಲ. ಗಂಟೆ ಬಾವಿಯ ನೀರನ್ನು ಹೊಸದಾಗಿ ತೆಗೆದು ಎರಡು ಕಡೆ ಪರೀಕ್ಷೆಗೆ ಕಳಿಸಬೇಕೆಂದು ನೀಲಾಂಬಿಕೆ ಹಠ ಹಿಡಿದಳು, ರೆಹಮತ್ ಬಾನುವನ್ನೂ ಕಣ್ಣು ಮುಚ್ಚಿ ನಂಬಬಾರದಂತೆ. ಎರಡೂ ಕಡೆಯಿಂದ ಒಂದೇ ಉತ್ತರ ಬಂತು, ಆ ನೀರು ಕುಡಿಯುವುದಕ್ಕಲ್ಲ. ನಲ್ಲಿಗೆ ಈಗ ಕೋಟೆ ಬಾವಿಯ ನೀರು. ಗೌಡರ ಸೊಸೆಯ ಕುಪ್ಪಸ ಒಂದು ದಿನ ತಡವಾಗಿ, ಅಗಲ ಕೊರಳಿನೊಂದಿಗೆ ತಲುಪಿತು. ಅಶ್ವತ್ಥಯ್ಯನವರು ನೀಲಾಂಬಿಕೆಯ ಪ್ರಬಂಧವನ್ನು ಪುಸ್ತಕ ಮಾಡಿಸಿದರು. ಅದಕ್ಕೆ ಬೆಲೆ ಹಾಕಿದ್ದಾರೆ, ಆದ್ದರಿಂದ ನಮ್ಮೂರಿನಲ್ಲಿ ಅದು ಬಹಳ ಶುಭ್ರವಾದ ಪುಸ್ತಕ, ಇಂಚರ ಅದರ ತುಂಬ ನವಿಲು ಬಿಡಿಸಿದ್ದಾಳೆ. ಅವಳಿಗೆ ಒಂದು ಹಾಲುಹಲ್ಲು ಅಲುಗುತ್ತಿದೆ. ಇಷ್ಟು ವರ್ಷ ಅವಳೂ ಓಣಿಯ ನೀರು ಕುಡಿದವಳೇ, ಹೊಸ ಹಲ್ಲು ಯಾವ ಬಣ್ಣದಲ್ಲಿ ಬರುತ್ತದೋ ಗೊತ್ತಿಲ್ಲ ಎಂದು ಅವಳ ಅಮ್ಮ ಒಪ್ಪಿಕೊಂಡಿದ್ದಾಳೆ. ಕಾಯುತ್ತಿದ್ದೇವೆ.

ಅಪ್ಪ ದಿನಾ ಒಲೆ ಮುಂದೆ ಕೂತು ಕೋಟೆ ನೀರಿಗೆ ಬೈಯುತ್ತಾನೆ. ಈ ನೀರಾಗೆ ಬ್ಯಾಳಿ ಬೇಯೋದ್ರಾಗೆ ಹುಡುಗಿ ಮೈನೆರೆದಿರ್ತಾಳೆ ಎಂದು ಗೊಣಗುತ್ತಾನೆ, ಸೊಸೆಯ ಜೊತೆ ನೇರವಾಗಿಯೇ. ಮೊನ್ನೆ ಸಂಘದ ಹೊಸ ಸಂಚಿಕೆಗೆ ಗುಂಪು ಫೋಟೋ ತೆಗೆಸಿದೆವು. ಅಪ್ಪನ ಎರಡನೇ ಲೇಖನ ಅದರಲ್ಲಿ ಬರುತ್ತದೆ, ಬೆಲೆ ಹಾಕಬಾರದೆಂದು ಪ್ರೆಸ್ಸಿನವನಿಗೆ ಮೂರು ಸಲ ಹೇಳಿದ್ದಾನೆ. ಓಣಿಯವರು, ಕೋಟೆಯವರು ಕಲೆತು ನಿಂತೆವು. ಫೋಟೋದವನು ಪೇಟೆಯವನು, ವಿಷಯ ಗೊತ್ತಿಲ್ಲದವನು. ಕ್ಯಾಮೆರಾದಿಂದ ತಲೆಯೆತ್ತಿ, ಯಜಮಾನರೇ, ನಗಿ, ಆದ್ರೆ ಸ್ವಲ್ಪ ಬಾಯಿ ಮುಚ್ಚಿಕೊಂಡು ನಗಿ ಎಂದ.

ಯಾರೂ ಮುಚ್ಚಲಿಲ್ಲ.